ಬಂಗಿಗೆ ಹಿಡಿದ ಕೊಡೆ

ನಮ್ಮ ಎಸ್ಸುಕ್ರೋಮ್‌ನ ಜಿಲ್ಲಾ ಕಚೇರಿಯಲ್ಲಿ ಒಂದೇ ಕುರ್ಚಿಯ ಮೇಲೆ ಇಪ್ಪತ್ತೈದು ವರ್ಷ ಕೂತವರ ಫೋಟೋ ತೆಗೆದು, ಬಾಗಿಲಿನಷ್ಟು ದೊಡ್ಡದು ಮಾಡಿಸಿ, ಗೋಡೆಗೆ ತೂಗುಹಾಕುವ ಪದ್ಧತಿ ಇದೆ. ಸಂಬಳ ಹೆಚ್ಚಿಸುವುದಕ್ಕಿಂತ ಇದು ಅಗ್ಗ. ಜನನ ಮರಣ ವಿಭಾಗದ ಫೀಫಿ ಎಸಿಲ್ಫಿಯ ಸರದಿ ಬಂದಾಗ ಎದುರು ಮೇಜಿನವನಾದ ನಾನೇ ಅವನ ಟೈ ಸರಿಮಾಡಿ ಕ್ಯಾಮೆರಾದ ಮುಂದೆ ತಳ್ಳಿದೆ. ಮುಂದೆ ನಡೆದದ್ದರಲ್ಲಿ ನನ್ನ ಪಾಲು ಅಲ್ಲಿಂದ ಶುರು.

ಫೀಫಿ ಒಳ್ಳೆಯವನು. ಆದರೆ ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಟ್ಟರೆ ಎಲ್ಲಿ ಕೆಳಗೆ ಸಹಿ ಹಾಕಬೇಕಾಗುತ್ತದೋ ಎಂದು ಹೆದರುವ ಸರ್ಕಾರಿ ಜೀವ. 'ಊಟ ಆಯ್ತಾ?' ಎಂದರೆ 'ಆಗಬೇಕು ಅಂತಿದೆ' ಎನ್ನುತ್ತಾನೆ.

ಫೋಟೋ ಬಂತು. ಎರಡೂ ಕೆನ್ನೆಯ ಮೇಲೆ ಅಂಗೈ ಅಗಲದ ಕಪ್ಪು ಕಲೆ, ಇದ್ದಿಲು ಮೆತ್ತಿದ ಕೈಯಿಂದ ಯಾರೋ ಎರಡು ಬಾರಿಸಿದ ಹಾಗೆ. ಬಂಗು. ಮುಖ ಮುಖದಷ್ಟೇ ಇದ್ದಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಬಾಗಿಲಿನಷ್ಟಾದಾಗ ಬಿತ್ತು. ಅದನ್ನು ತೂಗುಹಾಕಿದ್ದೂ ಮರಣ ನೋಂದಣಿಯ ಕಿಟಕಿಯ ಎದುರಿಗೇ. ನಮ್ಮೂರಲ್ಲಿ ಅಷ್ಟು ದೊಡ್ಡ ಫೋಟೋ ಎಂದರೆ ಒಂದೇ ಅರ್ಥ. ಬಂದ ಹೆಂಗಸರು ನೋಡಿ ಲೊಚಗುಟ್ಟತೊಡಗಿದರು.

"ಅಯ್ಯೋ ಪಾಪ, ಎಸಿಲ್ಫಿನೂ ಹೋದ್ರಾ? ಏನಾಗಿತ್ತಂತೆ?"

"ಕೆನ್ನೆ ನೋಡಿದ್ರೆ ಗೊತ್ತಾಗಲ್ವೇನೇ, ಪಿತ್ತಕೋಶ."

ಫೋಟೋದ ಕೆಳಗೇ ಕೂತಿದ್ದ ಫೀಫಿ ತಲೆಯೆತ್ತಿ, "ಮುಂದಿನವರು ಬನ್ನಿ" ಅಂದ. ಹೆಂಗಸರು ಕಿರುಚಿಕೊಂಡು ಓಡಿದರು.

ಸಂಜೆ ಅವನು ಹೆಂಡತಿಯನ್ನು ಕೇಳಿದ. ಎಕುವಾ ಬಸ್ ನಿಲ್ದಾಣದ ಹತ್ತಿರ ಕೆಂಕಿ ಉಂಡೆ ಮಾರುತ್ತಾಳೆ. ಜೋಳದ ಹಿಟ್ಟನ್ನು ನಾದಿ ನಾದಿ ಅವಳ ಕೈಗೂ ನಾಲಿಗೆಗೂ ಒಂದೇ ಬಲ.

"ನನ್ನ ಕೆನ್ನೆ ಮೇಲೆ ಕಲೆ ಇದೆ ಅಂತ ನೀನು ಯಾಕೆ ಹೇಳಲಿಲ್ಲ?"

"ಹದಿನೆಂಟು ವರ್ಷದಿಂದ ನೋಡ್ತಾ ಇದೀನಿ ಕಣ್ರೀ. ಅದೇ ನಿಮ್ಮ ಮುಖ ಅಂದ್ಕೊಂಡಿದ್ದೆ."

ಮರುದಿನವೇ ಫೀಫಿ ಮಂಕೆಸಿಮ್ ಸಂತೆಗೆ ಹೋಗಿ ಒಂದು ಡಬ್ಬಿ ಕ್ರೀಮು ತಂದ. ಹೆಸರು 'ಏಳು ದಿನದ ಚಂದ್ರ'. ಒಳಗೆ ಏನಿದೆ ಎಂದು ಡಬ್ಬಿಯ ಮೇಲೆ ಒಂದಕ್ಷರವೂ ಇರಲಿಲ್ಲ. ಸಿಪ್ಪೆ ಸುಲಿದ ಮೊಟ್ಟೆಯಂಥ ಒಬ್ಬಳು ಹೆಂಗಸಿನ ಚಿತ್ರ ಮಾತ್ರ ಇತ್ತು. ದಿನಕ್ಕೆ ಎರಡು ಸಲ ಹಚ್ಚು ಎಂದು ಮಾರಿದವಳು ಹೇಳಿದ್ದಳು. ಬೇಗ ಆಗಲಿ ಎಂದು ಇವನು ನಾಲ್ಕು ಸಲ ಹಚ್ಚಿದ. ನಾಲ್ಕನೇ ದಿನ ಕೆನ್ನೆ ಉರಿದು ಸಿಪ್ಪೆ ಎದ್ದಿತು. ಏಳನೇ ದಿನ ಅಂಚು ಕೆಂಪಗಾಗಿ, ನಡುವೆ ಮೊದಲಿಗಿಂತ ಕಪ್ಪಾಗಿ ಕೂತಿತು.

"ಚಂದ್ರ ಬರುತ್ತೆ ಅಂದ್ರಿ," ಅಂದಳು ಎಕುವಾ. "ಗ್ರಹಣ ಹಿಡೀತಲ್ರೀ."

ಆಗ ನಾನೇ ಅವನನ್ನು ಟ್ರೋಟ್ರೋ ಎಂಬ ಬಾಡಿಗೆ ವ್ಯಾನು ಹತ್ತಿಸಿಕೊಂಡು ಕೇಪ್‌ಕೋಸ್ಟಿನ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಡಾಕ್ಟರ್ ಸೆಫಾಕೋರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫೀಫಿಯ ಕೆನ್ನೆಯನ್ನು ದೀಪ ಹಿಡಿದು ನೋಡಿದರು, ಡಬ್ಬಿಯನ್ನು ಮೂಸಿ ನೋಡಿದರು, ಆಮೇಲೆ ಡಬ್ಬಿಯನ್ನು ಚಿಮ್ಮಟದಲ್ಲಿ ಹಿಡಿದು ಸತ್ತ ಇಲಿಯಂತೆ ಪಕ್ಕಕ್ಕಿಟ್ಟರು.

"ಇದು ಶಾಪ ಅಲ್ಲ, ಕೊಳೆ ಅಲ್ಲ, ಪಿತ್ತಕೋಶನೂ ಅಲ್ಲ. ಬಂಗು. ನಿಮ್ಮ ಚರ್ಮದೊಳಗೆ ಬಣ್ಣ ಮಾಡೋ ಸಣ್ಣ ಸಣ್ಣ ಕಾರ್ಖಾನೆ ಇವೆ. ಬಿಸಿಲು ಬಿದ್ರೆ ಅವು ಓವರ್‌ಟೈಮ್ ಕೆಲಸ ಮಾಡ್ತವೆ."

"ಓವರ್‌ಟೈಮಾ?" ಫೀಫಿ ಬೆಚ್ಚಿದ. "ನಮ್ಮಲ್ಲಿ ಅದನ್ನ ನಿಲ್ಲಿಸಿ ಆರು ವರ್ಷ ಆಯ್ತಲ್ಲ!"

"ನಿಮ್ಮ ಕಚೇರೀಲಿ ನಿಂತಿರಬಹುದು, ಕೆನ್ನೇಲಿ ನಿಂತಿಲ್ಲ. ಉಜ್ಜಿದ್ರೂ, ಕೆರೆದ್ರೂ, ಹೀಗೆ ಏನೇನೋ ಹಚ್ಚಿ ಸುಟ್ರೂ ಚರ್ಮ ಹೆದರಿ ಇನ್ನಷ್ಟು ಬಣ್ಣ ಸುರಿಯುತ್ತೆ. ಸಂತೇಲಿ ಸಿಗೋ ಈ ಡಬ್ಬಿಗಳನ್ನ ವರ್ಷಗಟ್ಟಲೆ ಹಚ್ಚಿದ್ರೆ ಚರ್ಮ ಈರುಳ್ಳಿ ಸಿಪ್ಪೆ ಥರ ತೆಳ್ಳಗಾಗುತ್ತೆ. ಕೆಲವರಿಗೆ ನೀಲಿಗಪ್ಪು ಕಲೆ ಕೂತುಬಿಡುತ್ತೆ, ಅದನ್ನ ತೆಗೆಯೋದು ನಮಗೂ ಕಷ್ಟ. ನಿಮ್ಮದು ಏಳೇ ದಿನ, ಬದುಕಿದ್ರಿ. ನಿಮಗೇನು, ಬೆಳ್ಳಗಾಗಬೇಕಾ?"

"ಅಯ್ಯೋ ಇಲ್ಲ ಡಾಕ್ಟ್ರೇ. ಕೆನ್ನೆ ನನ್ನ ಹಣೆ ಬಣ್ಣಕ್ಕೆ ಬಂದ್ರೆ ಸಾಕು."

"ಹಾಗಾದ್ರೆ ಅರ್ಧ ವಾಸಿ ಆದಹಾಗೇ."

ರಾತ್ರಿ ತೆಳ್ಳಗೆ ಹಚ್ಚಲು ಒಂದು ಮುಲಾಮು, ಬೆಳಗ್ಗೆ ಮತ್ತು ಮಧ್ಯಾಹ್ನ ಹಚ್ಚಲು ಬಿಸಿಲು ತಡೆಯುವ ಇನ್ನೊಂದು ಬರೆದುಕೊಟ್ಟರು. "ದೊಡ್ಡ ಔಷಧಿ ನೆರಳು. ಟೋಪಿ ಹಾಕಿ, ಕೊಡೆ ಹಿಡೀರಿ. ನಿಮ್ಮದು ಕಡಲ ತೀರದ ಊರು, ಬೆಳಕು ನೀರಿನಿಂದಲೂ ಎದ್ದು ಬಡಿಯುತ್ತೆ. ಆರು ತಿಂಗಳು ತಾಳ್ಮೆಯಿಂದ ಕಾಯಿರಿ."

"ಇಂಜೆಕ್ಷನ್ ಇಲ್ವಾ?"

"ಇಲ್ಲ."

"ಸಣ್ಣದು?"

"ಅದೂ ಇಲ್ಲ."

ವಾಪಸು ಬರುವಾಗ ಟ್ರೋಟ್ರೋದಲ್ಲಿ ಫೀಫಿ ನನ್ನ ಕೈ ಹಿಡಿದುಕೊಂಡ. ನಲವತ್ತೊಂಬತ್ತು ವರ್ಷದ ಗಂಡಸು ಕೆನ್ನೆಗೆ ಮುಲಾಮು ಹಚ್ಚುತ್ತಾನೆ ಎಂದು ಗೊತ್ತಾದರೆ ಮೀನುಗಾರರು ಬಲೆ ಎಳೆಯುವಾಗ ಅದನ್ನೇ ಹಾಡು ಕಟ್ಟಿ ಹಾಡುತ್ತಾರೆ, ಯಾರಿಗೂ ಹೇಳಕೂಡದು. ನಾನು ಆಣೆ ಮಾಡಿದೆ. ಸ್ನೇಹಿತನ ಗುಟ್ಟು ಕಾಪಾಡುವುದು ಊರಿಗೆ ಎಷ್ಟು ಅಪಾಯಕಾರಿ ಎಂದು ಆಗ ನನಗೆ ಗೊತ್ತಿರಲಿಲ್ಲ.

ಅವನು ಕೊಂಡ ಮೊದಲ ಕೊಡೆ ಸಣ್ಣದು, ಕಪ್ಪು ಬಟ್ಟೆಯದು. ಸೇತುವೆಯ ತನಕ ಬಂತು; ಅಲ್ಲಿ ಕಡಲಗಾಳಿಗೆ ಉಲ್ಟಾ ಆಗಿ ಹಿನ್ನೀರಿಗೆ ಹಾರಿತು. ಎರಡನೆಯದು ಸೇತುವೆ ದಾಟಿ ಹಾರಿತು. ಮೂರನೆಯದನ್ನು ಅವನು ಮದುವೆ, ತಿಥಿಗಳಿಗೆ ಸಾಮಾನು ಬಾಡಿಗೆ ಕೊಡುವವಳ ಅಂಗಡಿಯಿಂದ ತಂದ. ಹಿಡಿ ಸ್ವಲ್ಪ ಸೀಳಿದ್ದರಿಂದ ಅವಳು ಅಗ್ಗಕ್ಕೆ ಕೊಟ್ಟಿದ್ದಳು. ನಾಲ್ಕು ಜನ ನಿಲ್ಲುವಷ್ಟು ಅಗಲ, ಗಾಢ ಕೆಂಪು ಮಖಮಲ್ಲು, ಸುತ್ತ ಗೇಣುದ್ದದ ಹಳದಿ ಝಾಲರಿ.

"ಗಟ್ಟಿಯಾಗಿದೆ," ಅಂದ ಫೀಫಿ. ಅವನು ನೋಡಿದ್ದು ಅಷ್ಟೇ. ಅಂಥ ಕೊಡೆ ಪೀಠವೇರಿದ ಚೀಫ್‌ನ ತಲೆಯ ಮೇಲೆ ಮಾತ್ರ ಹೋಗುತ್ತದೆ ಎಂದು ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಫೀಫಿಗೂ ಗೊತ್ತಿತ್ತು. ಆದರೆ ಆ ವಾರ ಅವನ ಬುದ್ಧಿಯೆಲ್ಲ ಕೆನ್ನೆಯಲ್ಲೇ ಇತ್ತು.

ಊರಿನ ಸ್ಥಿತಿಯನ್ನು ಒಂದು ಮಾತಲ್ಲಿ ಹೇಳಿಬಿಡುತ್ತೇನೆ. ನಮ್ಮ ಚೀಫ್ ತೀರಿಕೊಂಡು ಎರಡು ವರ್ಷವಾಗಿತ್ತು. ಪೀಠ ಖಾಲಿ. ಅರಮನೆಯ ವ್ಯವಹಾರವನ್ನೆಲ್ಲ ರಾಜಮಾತೆ ನಾನಾ ಅಜೋವಾ ನೋಡಿಕೊಳ್ಳುತ್ತಿದ್ದರು; ನಾನಾ ಎಂಬುದು ನಮ್ಮಲ್ಲಿ ದೊಡ್ಡವರನ್ನು ಕರೆಯುವ ಗೌರವದ ಮಾತು. ಚೀಫ್ ವಂಶದ ಎರಡು ಕವಲಲ್ಲಿ ಮೇಲ್ಮನೆಯವರು ಪೀಠ ನಮ್ಮದು ಎನ್ನುತ್ತಿದ್ದರು, ಕೆಳಮನೆಯವರು ನಮ್ಮದು ಎನ್ನುತ್ತಿದ್ದರು, ವ್ಯಾಜ್ಯ ಕೇಪ್‌ಕೋಸ್ಟಿನಲ್ಲಿ ಚೀಫ್‌ಗಳ ಸಭೆಯ ಮುಂದಿತ್ತು. ಜಗಳವಾಗದಿರಲಿ ಎಂದು ಊರಿಗೊಬ್ಬ ಇನ್‌ಸ್ಪೆಕ್ಟರನ್ನೂ ಹಾಕಿದ್ದರು. ಹೀಗೆ ಊರೆಲ್ಲ ಒಂದು ಕೊಡೆಗಾಗಿ ಕಣ್ಣಿಟ್ಟು ಕೂತಿರುವಾಗ ಫೀಫಿ ಕೊಡೆ ಬಿಚ್ಚಿದ.

ಅದೂ ತಾನೇ ಹಿಡಿಯಲಿಲ್ಲ. ಅದನ್ನು ಹಿಡಿಯಲು ಎರಡು ಕೈ ಬೇಕಿತ್ತು. ಇವನ ಕೈಯಲ್ಲಿ ದಾಖಲೆಯ ಪೆಟ್ಟಿಗೆ. ನಮ್ಮ ಕಚೇರಿಯ ಕಾವಲುಗಾರ ಇಸಾಕಾ, ಉತ್ತರ ಸೀಮೆಯ ಆರೂವರೆ ಅಡಿ ಆಳು, ಇವನ ವಠಾರದಲ್ಲೇ ಇರುವವನು. "ಕೊಡಿ ಸಾಹೇಬ್ರೇ, ನನಗೂ ನೆರಳಾಯ್ತು" ಎಂದು ತಾನೇ ಹಿಡಿದು ಹಿಂದೆ ನಡೆದ. ಗಾಳಿ ಮೇಲಕ್ಕೆತ್ತಿದಾಗ ಅವನು ಕೆಳಗೆಳೆದ, ಪಕ್ಕಕ್ಕೆ ಸೆಳೆದಾಗ ಗಿರ್ರನೆ ತಿರುಗಿಸಿದ. ನೋಡುವವರಿಗೆ ಮೆರವಣಿಗೆಯಲ್ಲಿ ಚೀಫ್‌ನ ಕೊಡೆ ಕುಣಿಸುವ ಹಾಗೆಯೇ ಕಂಡಿತು. ಹಿಂದೆ ಮೀನಿನ ಲಾರಿಯೊಂದು ದಾರಿ ಸಿಗದೆ ಪೋಂ ಪೋಂ ಎಂದು ಹಾರನ್ ಊದುತ್ತ ಬರುತ್ತಿತ್ತು. ಕೊಂಬು ಕಹಳೆಯ ಕೊರತೆಯೂ ನೀಗಿತು.

ಕಡಲ ದಾರಿಯಲ್ಲಿ ಮೀನು ಹುರಿಯುವ ಮಾಮೆ ಎಸಾಬಾ ಮೊದಲು ನೋಡಿದಳು.

"ಅರ್ಧರಾತ್ರೀಲಿ ಕೊಡೆ ಹಿಡಿಯೋರನ್ನ ಕೇಳಿದ್ದೆ ಕಣ್ರೇ, ಇವನು ಮಟಮಟ ಮಧ್ಯಾಹ್ನವೇ ಹಿಡಿಸ್ಕೊಂಡು ಬರ್ತಾ ಇದಾನೆ! ಎಸಿಲ್ಫಿ, ಏನಪ್ಪಾ ಇದು ಛತ್ರ?"

ಫೀಫಿ ಟೋಪಿಯನ್ನು ಕೆನ್ನೆಯ ತನಕ ಎಳೆದುಕೊಂಡ. "ಹಿಡೀಬೇಕು ಅಂತ ಅಪ್ಪಣೆ ಆಗಿದೆ."

"ಯಾರ ಅಪ್ಪಣೆ?"

"ಕೇಪ್‌ಕೋಸ್ಟ್‌ನವರದು."

ಹುರಿಯುತ್ತಿದ್ದ ಮೀನು ಬಾಣಲೆಯಲ್ಲೇ ಉಳಿಯಿತು. "ಎಷ್ಟು ದಿನ?"

"ಆರು ತಿಂಗಳು ಅಂದಿದಾರೆ. ಆಮೇಲೆ ಮುಖ ನೋಡಿದ್ರೇ ಎಲ್ಲರಿಗೂ ಗೊತ್ತಾಗುತ್ತೆ."

ಎಸಾಬಾ ಧ್ವನಿ ತಗ್ಗಿಸಿದಳು. "ಮತ್ತೆ ಆ ಎರಡು ಕಡೆಯದು?"

ಫೀಫಿ ಎರಡು ಕೈಯಿಂದಲೂ ಕೆನ್ನೆ ಮುಚ್ಚಿಕೊಂಡ. ಇವಳಿಗೆ ಗುಟ್ಟು ಗೊತ್ತಾಗಿಬಿಟ್ಟಿದೆ ಎಂದುಕೊಂಡ. "ನಿಮಗೂ ಗೊತ್ತಾಯ್ತಾ? ಯಾರಿಗೂ ಹೇಳಬೇಡಿ ಮಾಮೆ. ಎರಡೂ ಕಡೆಯದು ಹೇಳಹೆಸರಿಲ್ಲದ ಹಾಗೆ ಹೋಗುತ್ತಂತೆ. ಮೇಲಿನದು ಮೊದಲು, ಕೆಳಗಿನದು ಸ್ವಲ್ಪ ನಿಧಾನ."

ಮಾಮೆ ಎಸಾಬಾ ಕಾಲಿನ ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತಳು. ಚೀಫ್ ಎದುರು ನಾವು ನಿಲ್ಲುವುದೇ ಹಾಗೆ. ಫೀಫಿ ಅವಳ ಕಾಲಿಗೆ ಎಣ್ಣೆ ಸಿಡಿಯಿತೇನೋ ಎಂದುಕೊಂಡು, "ಜೋಪಾನ" ಎಂದು ಮುಂದೆ ನಡೆದ.

ಅವನು ಮನೆ ಮುಟ್ಟುವ ಮುಂಚೆ ಸುದ್ದಿ ಮುಟ್ಟಿತ್ತು. ವಠಾರದ ಅಂಗಳದಲ್ಲಿ ಸೋದರಮಾವ ಅಮೋವಾ ಮಡಿಕೆ ಮುರಿಯದ ಬಿಳಿ ವಸ್ತ್ರವನ್ನು ಹೆಗಲ ಮೇಲಿಂದ ಹೊದ್ದು, ಎಪ್ಪತ್ತನಾಲ್ಕರ ಸೊಂಟವನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದ. ನಮ್ಮಲ್ಲಿ ಪೀಠ ಅಪ್ಪನಿಂದ ಮಗನಿಗೆ ಬರುವುದಿಲ್ಲ, ಮಾವನಿಂದ ಅಳಿಯನಿಗೆ ಬರುತ್ತದೆ. ತನ್ನ ಮುತ್ತಜ್ಜಿಗೆ ಮೋಸವಾಗಿ ಪೀಠ ತಪ್ಪಿತೆಂದು ಅಮೋವಾ ಐವತ್ತು ವರ್ಷದಿಂದ ಕೇಳುವವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದ.

"ಅಳಿಯಾ! ಒಂದು ಮಾತು ನನಗೆ ಮೊದಲೇ ಹೇಳಬಾರದಿತ್ತೇನೋ?"

"ಮಾವ, ಇದು ಮುಖದ ವಿಷಯ—"

"ವಂಶದ ಮುಖದ ವಿಷಯ ಕಣಪ್ಪಾ!" ಮಾವನ ಕಣ್ಣಲ್ಲಿ ನೀರು ಬಂತು.

"ಅಲ್ಲ ಮಾವ, ನನಗೆ ಅದೆಲ್ಲ ಬೇಡ."

"ನೋಡ್ರೋ, ನೋಡ್ರೋ! ಒಳ್ಳೇ ಚೀಫ್ ಆಗೋನು ಮೊದಲು ಬೇಡ ಅಂತಲೇ ಹೇಳೋದು!" ಎಂದು ಮಾವ ವಠಾರಕ್ಕೆಲ್ಲ ಕೇಳುವಂತೆ ಕೂಗಿದ.

ಮೂರೇ ದಿನದಲ್ಲಿ ಊರಿನ ಗಾಳಿ ಬದಲಾಯಿತು. ಕೇಪ್‌ಕೋಸ್ಟಿನವರು ಎರಡೂ ಮನೆಯನ್ನು ಬಿಟ್ಟು ಮೂರನೆಯವನನ್ನು ಗುಟ್ಟಾಗಿ ಆರಿಸಿದ್ದಾರೆ, ಆರು ತಿಂಗಳು ಪರೀಕ್ಷೆಗೆ ಕೊಡೆ ಹಿಡಿಸಿದ್ದಾರೆ, ಮೊದಲು ಮೇಲ್ಮನೆ ಅಳಿಯುತ್ತದೆ, ಆಮೇಲೆ ಕೆಳಮನೆ. ಹೆದರಿದ ಮೇಲ್ಮನೆಯವರು ಹನ್ನೆರಡು ಗೆಣಸು ಕಳಿಸಿದರು; ಒಂದೊಂದೂ ಇಸಾಕಾನ ತೊಡೆಯಷ್ಟಿತ್ತು. ಅದು ಗೊತ್ತಾಗಿ ಕೆಳಮನೆಯವರು ಎರಡು ಬಾಟಲಿ ಷ್ನಾಪ್ಸ್ ಸಾರಾಯಿಯೂ ಒಂದು ಜೀವಂತ ಟಗರೂ ಕಳಿಸಿದರು. ಟಗರನ್ನು ಕಚೇರಿಗೇ ತಂದು ಕಟ್ಟಿದ್ದರಿಂದ ಅದು ಮಾರ್ಚ್ ತಿಂಗಳ ಮರಣಗಳನ್ನೆಲ್ಲ ತಿಂದುಹಾಕಿತು. ಆ ಹನ್ನೊಂದು ಜನ ಸರ್ಕಾರದ ಲೆಕ್ಕದಲ್ಲಿ ಇವತ್ತಿಗೂ ಆರೋಗ್ಯವಾಗಿದ್ದಾರೆ.

ಗಂಟೆ ಬಾರಿಸಿ ಫೀಫಿಯನ್ನು ಕರೆಯುತ್ತಿದ್ದ ನಮ್ಮ ನಿರ್ದೇಶಕರು ಈಗ ಅವನು ಬಂದರೆ ಎದ್ದು ನಿಲ್ಲತೊಡಗಿದರು. "ತಾವು ಫ್ಯಾನಿನ ಕೆಳಗೆ ಕೂತ್ಕೊಳಿ. ಹಾಗೆಯೇ, ಕಡಲ ಪಕ್ಕ ನನಗೊಂದು ಚೂರು ಜಾಗ… ಈಗಲ್ಲ, ಆರು ತಿಂಗಳಾದ ಮೇಲೆ ಮಾತಾಡೋಣ."

ಇನ್‌ಸ್ಪೆಕ್ಟರ್ ನೋಟ್‌ಬುಕ್ ತೆರೆದುಕೊಂಡು ಬಂದ.

"ನಿಮ್ಮ ಹಿಂದೆ ಎಷ್ಟು ಜನ ಇದ್ದಾರೆ?"

"ಇಸಾಕಾ ಒಬ್ಬನೇ."

"ಅವನ ಹತ್ತಿರ ಆಯುಧ ಏನಿದೆ?"

"ಟಾರ್ಚ್ ಇದೆ. ಸೆಲ್ ಇಲ್ಲ."

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದ.

ಅಂದು ಸಂಜೆ ನಾನೂ ಎಕುವಾನೂ ಫೀಫಿಯನ್ನು ನಡುವೆ ಕೂರಿಸಿಕೊಂಡೆವು. "ನಿಜ ಹೇಳಿಬಿಡು ಮಾರಾಯ" ಅಂದೆ. "ಇಲ್ಲ ಕೊಡೆಯನ್ನಾದರೂ ಮಡಚು."

"ಮಡಚೋದಾ?" ಫೀಫಿ ಪೆಟ್ಟು ತಿಂದವನಂತೆ ನನ್ನನ್ನು ನೋಡಿದ. ಕನ್ನಡಿ ತಂದು ತೋರಿಸಿದ. "ಎಡಗೆನ್ನೆ ಅಂಚು ನೋಡು. ಉರಿ ನಿಂತಿದೆ, ಕೂದಲೆಳೆಯಷ್ಟು ತಿಳಿ ಆಗಿದೆ. ಇಪ್ಪತ್ತೈದು ವರ್ಷದಲ್ಲಿ ನಾನು ಶುರುಮಾಡಿದ ಒಂದು ಕೆಲಸ ಸರಿಯಾಗಿ ಆಗ್ತಾ ಇರೋದು ಇದೇ ಮೊದಲು. ನಿಲ್ಲಿಸಲ್ಲ."

"ಹಾಗಾದ್ರೆ ಬಂಗು ಅಂತ ಹೇಳ್ರೀ."

"ಕೆನ್ನೆಗೆ ಮುಲಾಮು ಹಚ್ಚೋನು ಅಂತ ನಗ್ತಾರೆ ಕಣೇ."

"ಈಗ ತಲೆಯನ್ನೇ ತೆಗೀತಾರೆ. ಆಮೇಲೆ ಮುಲಾಮು ಎಲ್ಲಿಗೆ ಹಚ್ತೀರಿ?"

ಅವನು ಉತ್ತರ ಕೊಡುವ ಮೊದಲೇ ಅರಮನೆಯ ಆಳು ಬಂದು, ಮಂಗಳವಾರ ಬೆಳಗ್ಗೆ ಕೊಡೆಯ ಸಮೇತ ಹಾಜರಾಗಬೇಕೆಂದು ಹೇಳಿಹೋದ.

ಮಂಗಳವಾರ ನಮ್ಮಲ್ಲಿ ಯಾರೂ ಕಡಲಿಗೆ ದೋಣಿ ಇಳಿಸುವುದಿಲ್ಲ. ಹಾಗಾಗಿ ಊರಿಗೆ ಊರೇ ಬಿಡುವಾಗಿ ಅರಮನೆಯ ಅಂಗಳದಲ್ಲಿತ್ತು. ಬಲಗಡೆ ಮೇಲ್ಮನೆ, ಎಡಗಡೆ ಕೆಳಮನೆ, ನಡುವೆ ಇನ್‌ಸ್ಪೆಕ್ಟರ್, ಗೋಡೆಯ ಮೇಲೆ ಮಕ್ಕಳು. ಎತ್ತರದ ಆಸನದಲ್ಲಿ ನಾನಾ ಅಜೋವಾ, ಮುಖಕ್ಕೆ ಎಂದಿನಂತೆ ದಪ್ಪನೆಯ ಪೌಡರು. ಪಕ್ಕದಲ್ಲಿ ಚಿನ್ನದ ತುದಿಯ ಕೋಲು ಹಿಡಿದ ಅರಮನೆಯ ಮಾತುಗಾರ ಒಟ್ಸಿನ್.

ರಾಜಮಾತೆಯೊಡನೆ ಯಾರೂ ನೇರ ಮಾತಾಡುವಂತಿಲ್ಲ. ಮಾತುಗಾರನಿಗೆ ಹೇಳಬೇಕು, ಅವನು ಅದನ್ನು ತಿದ್ದಿ, ತೀಡಿ, ಒಪ್ಪ ಮಾಡಿ ದಾಟಿಸುತ್ತಾನೆ. ಮೂವತ್ತು ವರ್ಷದಲ್ಲಿ ಒಟ್ಸಿನ್ ಬರಿಯ 'ಹೂಂ' ಅನ್ನೂ ಬರಿಯದಾಗಿ ದಾಟಿಸಿದವನಲ್ಲ.

"ಈ ಕೊಡೆ ಯಾತಕ್ಕೆ ಎಂದು ನಾನಾ ಕೇಳುತ್ತಾರೆ."

"ಬಿಸಿಲಿಗೆ," ಅಂದ ಫೀಫಿ.

ಒಟ್ಸಿನ್ ಕೋಲು ಎತ್ತಿದ. "ನಾನಾ, ಆಕಾಶದ ಸೂರ್ಯನೂ ತನ್ನ ಮುಖವನ್ನು ನೇರ ನೋಡಬಾರದು ಎನ್ನುತ್ತಾನೆ!"

ಜನ ಓಹೋ ಎಂದರು.

"ಹಾಗಲ್ಲ! ನಾನು ಸಣ್ಣವನು, ನನ್ನಷ್ಟಕ್ಕೆ ಬಿಟ್ಟುಬಿಡಿ ಅನ್ನಿ."

"ನಾನಾ, ಸಣ್ಣ ಕಿಡಿ ನಾನು, ಮುಟ್ಟಿದರೆ ಜೋಕೆ ಎನ್ನುತ್ತಾನೆ!"

ಮೇಲ್ಮನೆಯವರು ಎದ್ದರು. ಅವರು ಎದ್ದರೆಂದು ಕೆಳಮನೆಯವರೂ ಎದ್ದರು. ಜನರ ನಡುವಿನಿಂದ ಅಮೋವಾ ಮಾವ, "ನಮ್ಮ ಮುತ್ತಜ್ಜಿಗೆ ಜಯವಾಗಲಿ!" ಎಂದು ಕೂಗಿದ. ಹಿರಿಯರು ತಲೆಗೆ ತಲೆ ಕೂಡಿಸಿ ಪಿಸುಗುಟ್ಟಿದರು. ಆಮೇಲೆ ಒಟ್ಸಿನ್ ದಂಡ ಸಾರಿದ: ಪೀಠವಿಲ್ಲದೆ ಛತ್ರ ಹಿಡಿಸಿಕೊಂಡ ತಪ್ಪಿಗೆ ಏಳು ಕುರಿ, ಕೊಡೆ ಬೆಂಕಿಗೆ, ಹಿಡಿಸಿಕೊಂಡವನು ಸೂರ್ಯ ಮುಳುಗುವ ಮುನ್ನ ಊರು ಬಿಡಬೇಕು.

ಆ ಮಾತು ಕೇಳಿ ಎಕುವಾಳ ಮುಖ ಬೂದಿಯಾಯಿತು. ಅವಳ ಕೆಂಕಿ ಒಲೆ, ಅವನ ಕುರ್ಚಿ, ವಠಾರ, ಎಲ್ಲ ಈ ಊರಲ್ಲೇ. ಫೀಫಿ ಅವಳನ್ನೊಮ್ಮೆ ನೋಡಿದ. ನಾನು ಇಪ್ಪತ್ತೈದು ವರ್ಷದಲ್ಲಿ ಕಾಣದ್ದನ್ನು ಆಗ ಕಂಡೆ: ಫೀಫಿ ಎಸಿಲ್ಫಿ ಯಾರೂ ಕೇಳದೆ ಮುಂದೆ ನಡೆದ. ಮಾತುಗಾರನನ್ನು ದಾಟಿದ. ಟೋಪಿ ತೆಗೆದು ಎಸೆದ. ವಸ್ತ್ರದ ಅಂಚಿನಿಂದ ಮುಖ ಒರೆಸಿಕೊಂಡು ರಾಜಮಾತೆಯ ಎದುರಿಗೆ ಎರಡೂ ಕೆನ್ನೆ ತಿರುಗಿಸಿ ತೋರಿಸಿದ.

"ಬಂಗು ನಾನಾ! ಬಂಗು! ಇಲ್ಲೊಂದು, ಇಲ್ಲೊಂದು. ಕೇಪ್‌ಕೋಸ್ಟ್ ಅಂದ್ರೆ ಚರ್ಮದ ಡಾಕ್ಟ್ರು. ಬಿಸಿಲು ಬೀಳಬಾರದು ಅಂದ್ರು. ಸಣ್ಣ ಕೊಡೆ ಹಾರಿಹೋಯ್ತು, ದೊಡ್ಡದು ತಂದೆ. ನನಗೆ ಪೀಠ ಬೇಡ, ಇರೋ ಕುರ್ಚಿಯಲ್ಲೇ ಬೆನ್ನು ನೋವು!" ಎಂದು ಜೇಬಿನಿಂದ ಡಾಕ್ಟರ ಚೀಟಿಯನ್ನೂ ಹಿಂಡಿ ಚಪ್ಪಟೆಯಾದ ಮುಲಾಮಿನ ಟ್ಯೂಬನ್ನೂ ತೆಗೆದು ಅವರ ಪಾದದ ಬಳಿ ಇಟ್ಟ.

ಎಲ್ಲರೂ ಒಟ್ಸಿನ್‌ನತ್ತ ನೋಡಿದರು. ಅವನು ಕೋಲೆತ್ತಿದ, ಬಾಯಿ ತೆರೆದ, ಮುಚ್ಚಿದ. ಒಪ್ಪ ಮಾಡಲು ಏನೂ ಸಿಗಲಿಲ್ಲ. "ನಾನಾ… ಇವನು… ಬಂಗು ಅಂತಿದಾನೆ."

"ನಿಜ ನಾನಾ!" ಎಕುವಾ ಕೂಗಿದಳು. "ರಾತ್ರಿ ಹಚ್ಕೊಂಡು ದಿಂಬಿಗೆಲ್ಲ ಬಳಿದಿದಾರೆ. ಇವರು ಊರು ಆಳೋದಾ? ನಮ್ಮನೆ ಕೋಳೀನೂ ಇವರ ಮಾತು ಕೇಳಲ್ಲ!"

ಅಂಗಳ ಘೊಳ್ಳೆಂದಿತು. ಮೀನುಗಾರರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಒಬ್ಬ ಆಗಲೇ ಹಾಡಿನ ಮೊದಲ ಸಾಲು ಕಟ್ಟಿದ. ಫೀಫಿ ಕಣ್ಣು ಮುಚ್ಚಿಕೊಂಡು ನಿಂತಿದ್ದ. ನಾನಾ ಅಜೋವಾ ಮಾತ್ರ ನಗಲಿಲ್ಲ. ಬಗ್ಗಿ ಚೀಟಿ ಎತ್ತಿಕೊಂಡು ಓದಿದರು. ಆಮೇಲೆ ಮಾತುಗಾರನನ್ನು ಬಿಟ್ಟು ನೇರವಾಗಿ, ಮೆಲ್ಲಗೆ ಕೇಳಿದರು:

"ಆ ಡಾಕ್ಟರಮ್ಮ ಬೈತಾಳೇನಪ್ಪಾ?"

"ಇಲ್ಲ ನಾನಾ."

"ಏನೇನು ಹಚ್ಚಿದ್ದೆ ಅಂತ ಹೇಳಿದರೂ?"

"ಡಬ್ಬಿಯನ್ನ ಮೂಸಿ ನೋಡಿದ್ರು, ಅಷ್ಟೇ. ಬೈಯಲಿಲ್ಲ."

ರಾಜಮಾತೆ ಚೀಟಿಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಕರವಸ್ತ್ರ ತೆಗೆದು, ಜನರೆಲ್ಲ ನೋಡುತ್ತಿರುವಂತೆ, ಒಂದು ಕೆನ್ನೆಯ ಪೌಡರನ್ನು ಒರೆಸಿದರು. ಕೆಳಗೆ ಮಸಿ ಚೆಲ್ಲಿದಂತೆ ನೀಲಿಗಪ್ಪು ಕಲೆ, ಕಣ್ಣಿನಿಂದ ದವಡೆಯ ತನಕ.

"ಹನ್ನೆರಡು ವರ್ಷ ಕ್ರೀಮು ಹಚ್ಚಿದೆ," ಅಂದರು. "ಮೊದಲು ಚಂದ ಆಯ್ತು. ಆಮೇಲೆ ಇದು. ಆಮೇಲೆ ಪೌಡರು. ಈ ಮುಖವನ್ನ ನಾನೇ ನೋಡಿ ಎಷ್ಟೋ ವರ್ಷ ಆಯ್ತು."

ನಗುತ್ತಿದ್ದ ಜನ ನಕ್ಕ ಬಾಯಲ್ಲೇ ನಿಂತರು.

ಮೊದಲು ಕದಲಿದವನು ಒಟ್ಸಿನ್. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕೈಯ ಗೆಣ್ಣುಗಳನ್ನು ಮುಂದೆ ಚಾಚಿದ. ಕೈ ಜೇನಿನ ಬಣ್ಣ, ಗೆಣ್ಣು ಹಂಚಿನ ಮಸಿ. "ನಂದೂ ಅದೇ ಕ್ರೀಮು ನಾನಾ. ಗೆಣ್ಣು ಮಾತ್ರ ಕೇಳಲಿಲ್ಲ." ಅವನ ಹಿಂದೆ ಒಬ್ಬ ಹಿರಿಯ ವಸ್ತ್ರ ಸರಿಸಿ ಬೆನ್ನು ತೋರಿಸಿದ. ಮೇಲ್ಮನೆಯ ಅಭ್ಯರ್ಥಿ ಗಡ್ಡ ಬೋಳಿಸಿ ಬೋಳಿಸಿ ಗಂಟುಗಂಟಾಗಿ ಕಪ್ಪಾದ ಕುತ್ತಿಗೆ ಎತ್ತಿದ. ಕೆಳಮನೆಯವನು ಟೋಪಿ ತೆಗೆದ; ತಲೆಗೆ ಹಚ್ಚಿದ ಬಣ್ಣ ಹಣೆಯನ್ನು ಸುಟ್ಟು ಗೆರೆ ಹಾಕಿತ್ತು. "ನಿಂದಕ್ಕಿಂತ ನಂದೇ ಜಾಸ್ತಿ" ಎಂದು ಇಬ್ಬರೂ ಜಗಳಕ್ಕೆ ನಿಂತರು. ಎರಡು ವರ್ಷದಲ್ಲಿ ಪೀಠ ಬಿಟ್ಟು ಬೇರೆ ವಿಷಯಕ್ಕೆ ಅವರು ಜಗಳವಾಡಿದ್ದು ಅದೇ ಮೊದಲು. ಇನ್‌ಸ್ಪೆಕ್ಟರ್ ಬೂಟು ಬಿಚ್ಚಿ ಕಾಲ್ಚೀಲದ ಗುರುತು ತೋರಿಸಲು ಹೊರಟಾಗ ರಾಜಮಾತೆ ಕೈಯೆತ್ತಿ ಸಾಕು ಎಂದರು.

ತೀರ್ಪು ಬದಲಾಯಿತು. ಕೊಡೆ ಫೀಫಿಗೇ ಇರಲಿ; ಝಾಲರಿಯನ್ನು ಇಲ್ಲೇ ಕತ್ತರಿಸಬೇಕು; ಗಾಳಿ ಎಷ್ಟೇ ಬೀಸಲಿ, ಇಸಾಕಾ ಅದನ್ನು ಕುಣಿಸಕೂಡದು. ಕುರಿ ಬೇಡ. ಬದಲಿಗೆ ಮುಂದಿನ ಮಂಗಳವಾರ ಆ ಡಾಕ್ಟರನ್ನು ಅರಮನೆಗೆ ಕರೆತರುವ ಹೊಣೆ ಫೀಫಿಯದು.

ಕರೆತಂದ. ಅಂದು ಬೆಳಗ್ಗೆ ಜನ ತಂತಮ್ಮ ಡಬ್ಬಿ, ಟ್ಯೂಬು, ಸೀಸೆಗಳನ್ನು ಸೆರಗಿನಲ್ಲಿ, ಟೋಪಿಯಲ್ಲಿ, ಬೈಬಲ್ಲಿನ ಚೀಲದಲ್ಲಿ ಬಚ್ಚಿಟ್ಟು ತಂದಿದ್ದರು. ಯಾರೂ ಮೊದಲು ಹೊರಗೆ ತೆಗೆಯಲೊಲ್ಲರು. ನಾನಾ ಅಜೋವಾ ಎದ್ದು ಬಂದು ತಮ್ಮ ಬಂಗಾರದ ಮುಚ್ಚಳದ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟರು. ಅಂದು ಅವರ ಮುಖದ ಮೇಲೆ ಪೌಡರು ಇರಲಿಲ್ಲ. ಆಮೇಲೆ ಸಾಲು ಕಟ್ಟಿತು. ನಲವತ್ತಮೂರು ಥರದ ಡಬ್ಬಿಗಳು ರಾಶಿಯಾದವು.

ಡಾಕ್ಟರ್ ಸೆಫಾಕೋರ್ ಯಾರನ್ನೂ ಬೈಯಲಿಲ್ಲ. "ವರ್ಷಗಟ್ಟಲೆ ಹಚ್ಚಿದವರು ಇವತ್ತೇ ಒಮ್ಮೆಲೇ ಬಿಡಬೇಡಿ, ಮುಖ ಸಿಟ್ಟಾಗುತ್ತೆ. ನನ್ನ ಹತ್ತಿರ ಬನ್ನಿ, ಮೆಲ್ಲಮೆಲ್ಲಗೆ ಬಿಡಿಸ್ತೀನಿ. ಕೆಲವರ ಕಲೆ ಪೂರ್ತಿ ಹೋಗಲ್ಲ, ಸುಳ್ಳು ಹೇಳಲ್ಲ. ಆದರೆ ಹೆಚ್ಚಾಗದ ಹಾಗೆ ತಡೀಬಹುದು. ಹುಟ್ಟಿದ ಬಣ್ಣವನ್ನ ಬದಲಾಯಿಸೋಕೆ ಹೋಗಬೇಡಿ, ಕೆಟ್ಟಿದ್ದನ್ನ ಮಾತ್ರ ರಿಪೇರಿ ಮಾಡೋಣ. ಉಜ್ಜಬೇಡಿ, ಕೆರೆಯಬೇಡಿ. ಎಲ್ಲರಿಗೂ ಒಂದೇ ಮೊದಲ ಔಷಧಿ: ನೆರಳು."

"ಅಂದ್ರೆ ಎಲ್ಲರೂ ಕೊಡೆ ಹಿಡೀಬೇಕಾ?" ಮಾಮೆ ಎಸಾಬಾ ಕೇಳಿದಳು. "ನಾನೂ?"

ಎಲ್ಲರೂ ರಾಜಮಾತೆಯತ್ತ ತಿರುಗಿದರು.

"ಬಿಸಿಲು ಎಲ್ಲರ ಮೇಲೂ ಬೀಳುತ್ತೆ," ಅಂದರು ನಾನಾ ಅಜೋವಾ. "ಹಿಡೀರಿ. ಝಾಲರಿ ಮಾತ್ರ ಪೀಠದ್ದು."

ಈ ಮಾತಿಗೆ ಒಟ್ಸಿನ್ ಒಂದಕ್ಷರವೂ ಸೇರಿಸಲಿಲ್ಲ. ಜನ ಮನೆಗೆ, ಅಂಗಡಿಗೆ ಓಡಿಹೋಗಿ ಸಿಕ್ಕ ಸಿಕ್ಕ ಕೊಡೆ ಹಿಡಿದು ಮರಳಿ ಬಂದರು.

ಹೊರಡುವ ಮುಂಚೆ ಡಾಕ್ಟರು ಫೀಫಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಒಳ್ಳೇ ಕೆಲಸ ಮಾಡಿದೀರಿ" ಅಂದರು. ಫೀಫಿ ಎಷ್ಟು ಹಿಗ್ಗಿದನೆಂದರೆ, "ಹೌದು" ಎಂದು ನೇರವಾಗಿ ಉತ್ತರ ಕೊಟ್ಟುಬಿಟ್ಟ.

ಆ ದಿನ ಜನ ಹೆಚ್ಚು ಸೇರುತ್ತಾರೆಂದು ಪಕ್ಕದ ಠಾಣೆಯಿಂದ ಒಬ್ಬ ಹೊಸ ಕಾನ್‌ಸ್ಟೇಬಲನ್ನು ಕಳಿಸಿದ್ದರು. ಎಸ್ಸುಕ್ರೋಮ್‌ನಲ್ಲಿ ಪೀಠದ ತಕರಾರಿದೆ, ಯಾರಾದರೂ ಮೆರವಣಿಗೆಯಲ್ಲಿ ಕೊಡೆ ಹಿಡಿಸಿಕೊಂಡು ಹೊರಟರೆ ತಕ್ಷಣ ಫೋನು ಮಾಡು ಎಂದು ಅವನಿಗೆ ಹೇಳಿ ಸೇತುವೆಯ ಹತ್ತಿರ ನಿಲ್ಲಿಸಿದ್ದರು. ಮಟಮಟ ಮಧ್ಯಾಹ್ನ ಅರಮನೆಯ ಬಾಗಿಲು ತೆರೆಯಿತು. ಮೊದಲು ಮಾಮೆ ಎಸಾಬಾ ಬಂದಳು, ತಲೆಯ ಮೇಲೆ ಹೂವಿನ ಕೊಡೆ. ಹಿಂದೆ ಎಕುವಾ, ಅಂಗಡಿಯ ದೊಡ್ಡ ಕೊಡೆಯನ್ನು ಬುಡ ಸಮೇತ ಕಿತ್ತು ತಂದವಳು. ಅಮೋವಾ ಮಾವ ಎರಡು ಕೊಡೆ ಹಿಡಿದಿದ್ದ. ಮೇಲ್ಮನೆಯವರು, ಕೆಳಮನೆಯವರು, ಮೀನುಗಾರರು, ಹಿರಿಯರು. ಕೆಂಪು, ನೀಲಿ, ಪಟ್ಟೆ, ಚುಕ್ಕೆ, ತೂತು ಬಿದ್ದದ್ದು. ಕಡಲಗಾಳಿ ಬೀಸಿತು. ಇನ್ನೂರು ಕೊಡೆಗಳು ಒಟ್ಟಿಗೆ ಎದ್ದು, ಬಿದ್ದು, ಗಿರ್ರನೆ ತಿರುಗಿ ಕುಣಿಯುತ್ತ ಸೇತುವೆಯತ್ತ ಬಂದವು.

ಕಾನ್‌ಸ್ಟೇಬಲ್ ಬಹಳ ಹೊತ್ತು ಎಣಿಸಿದ. ಆಮೇಲೆ ಫೋನು ಎತ್ತಿ ಮೇಲಿನವರಿಗೆ ವರದಿ ಒಪ್ಪಿಸಿದ:

"ಸರ್, ಇಲ್ಲಿ ತಕರಾರು ಇಲ್ಲ ಸರ್. ಎಲ್ಲರೂ ಚೀಫ್ ಆಗಿಬಿಟ್ಟಿದಾರೆ. ಪ್ರಜೆ ಅಂತ ಉಳಿದಿರೋನು ನಾನೊಬ್ಬನೇ."